ಮೂರಿದ್ದದ್ದು ಎರಡಾಗಬೇಕಿತ್ತು

ಸೋಮವಾರ, 16 ಮೇ 2005

ಇವತ್ತು ಸೋಮವಾರದ ಒಪ್ಪತ್ತು. ನಲ್ಲಿಯಲ್ಲಿ ನೀರು ಕತ್ತಲಿರುವಾಗಲೇ ಬಂದು, ಹಲ್ಲುಜ್ಜುವಷ್ಟರಲ್ಲಿ ನಿಂತಿತು. ಸಿಕ್ಕಷ್ಟು ಡ್ರಮ್ಮಿಗೆ ತುಂಬಿ, ಕೂಲರಿಗೆ ಸುರಿದು, ನೆಲ ಒರೆಸಿ, ಸ್ನಾನ ಮಾಡಿ ಲಿಂಗಪೂಜೆಗೆ ಕೂತೆ. ಆಮೇಲೆ ಧಾರಿಣಿಗೆ ಅವಲಕ್ಕಿ, ಡಬ್ಬಿಗೆ ಚಪಾತಿ, ಬೆಂಡೆಕಾಯಿ ಪಲ್ಯ. ನನಗೆ ಸಂಜೆ ದೀಪ ಹಚ್ಚುವವರೆಗೆ ಒಂದು ಲೋಟ ಹಾಲು ಸಾಕು.

ಘಾಜಿಯಾಬಾದಿನ ಈ ಬಿಸಿಲಿಗೆ ಒಳಗೋಡೆಯೂ ಕೈ ಸುಡುತ್ತದೆ. ನಲವತ್ತನಾಲ್ಕು ಡಿಗ್ರಿ ಎಂದು ಟೀವಿಯಲ್ಲಿ ಹೇಳಿದರು. ನಾನು ಸೆಕೆ ಸೆಕೆ ಎಂದು ಗೊಣಗಿದರೆ ಮಗಳು ಚಪ್ಪಲಿ ಹಾಕಿಕೊಳ್ಳುತ್ತಾ ನಕ್ಕಳು.

“ಇದೂ ಒಂದು ಸೆಕೆಯೇನಮ್ಮ? ನಮ್ಮ ಲ್ಯಾಬಲ್ಲಿ ಡಿಗ್ರಿ ಲೆಕ್ಕವೇ ಇಲ್ಲ. ತಾಪವನ್ನ ಶಕ್ತಿಯ ಲೆಕ್ಕಕ್ಕೆ ತಿರುಗಿಸಿ ಎಲೆಕ್ಟ್ರಾನ್ ವೋಲ್ಟ್ ಅಂತೀವಿ. ಒಂದು ವೋಲ್ಟ್ ಅಂದ್ರೆ ಹನ್ನೊಂದು ಸಾವಿರದ ಆರುನೂರು ಡಿಗ್ರಿ.”

“ಅಷ್ಟಾದರೆ ನಿಮ್ಮ ಗಾಜಿನ ಕೊಳವೆ ಕರಗಲ್ವೇನೆ?”

“ಒಳಗಿರೋ ಗಾಳಿ ತೀರಾ ತೆಳು. ತಾಪ ಹೆಚ್ಚು, ಶಾಖ ಕಡಿಮೆ.”

ಯೋಚಿಸಿದೆ. ಒಗ್ಗರಣೆಯ ಸಾಸಿವೆ ಸಿಡಿದರೆ ಚುರ್ ಎನ್ನುತ್ತದೆ ಅಷ್ಟೆ, ಸಾರಿನ ಪಾತ್ರೆ ಮಗುಚಿದರೆ ಆಸ್ಪತ್ರೆ. ಅಂಥದ್ದೇ ಇರಬೇಕು.

ಮುಂದಿನ ತಿಂಗಳು ಅವಳ ಪಿಎಚ್‌ಡಿ ಪುಸ್ತಕ ಒಪ್ಪಿಸುವುದಿದೆ. ಅವಳ ಗೈಡ್ ದೇವೇಂದ್ರಪ್ಪನವರು ಸಹಿ ಹಾಕಿದರೆ ಅವಳು ಡಾಕ್ಟರ್ ಧಾರಿಣಿ. ಪುಣ್ಯಾತ್ಮರು. ನಮ್ಮ ಜಿಲ್ಲೆಯವರು, ನಮ್ಮವರು. ಅವಳಪ್ಪ ತೀರಿಕೊಂಡ ವರ್ಷ ಅವರೇ ಕರೆದು ಸೀಟು ಕೊಟ್ಟರು. ಪೂಜೆಯಲ್ಲಿ ದಿನವೂ ಅವರ ಹೆಸರು ಹೇಳುತ್ತೇನೆ.

ನಿನ್ನೆ ಅವಳ ಜೊತೆ ಓದುವ ಹಂಸಿನಿ ಬಂದಿದ್ದಳು. ಧಾರವಾಡದ ಹುಡುಗಿ, ಆದರೆ ಮೊಟ್ಟೆ ತಿನ್ನುತ್ತಾಳೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರಿಸಿ ಬೇರೆ ಲೋಟದಲ್ಲಿ ನೀರು ಕೊಟ್ಟೆ. ಧಾರಿಣಿ ಮುಖ ಗಂಟು ಹಾಕಿದಳು. ಹಾಕಿಕೊಳ್ಳಲಿ. ಲೋಟವನ್ನು ಹೊರಗೆ ಬೋರಲು ಹಾಕಿಟ್ಟಿದ್ದೇನೆ.

ಗುರುವಾರ, 19 ಮೇ

ಧಾರಿಣಿ ಮಧ್ಯಾಹ್ನವೇ ಮನೆಗೆ ಬಂದಳು. ಡಬ್ಬಿ ಬಿಚ್ಚಿರಲಿಲ್ಲ.

ಹೊರದೇಶದ ಯಾರೋ ಪತ್ರಿಕೆಗೆ ಬರೆದಿದ್ದಾರಂತೆ, ಧಾರಿಣಿ ಹೆಸರಲ್ಲಿ ಬಂದ ಲೇಖನದಲ್ಲಿ ತಾಪಮಾನವೆಲ್ಲ ಒಂದೂವರೆ ಪಟ್ಟು ಹೆಚ್ಚಿದೆ ಎಂದು. ನನಗೆ ತಿಳಿಯುವ ಹಾಗೆ ಹೇಳು ಎಂದೆ. ಹೇಳಿದಳು, ಆದರೆ ಭಿಕ್ಷುಕರಿಗೆ ಚಿಲ್ಲರೆ ಎಸೆಯುವ ಹಾಗೆ.

“ಕಣಗಳ ಸರಾಸರಿ ಶಕ್ತಿ ಅಳೀತೀವಿ. ಅದರ ಮೂರು ಪಾಲಲ್ಲಿ ಎರಡು ಪಾಲು ತಗೊಂಡ್ರೆ ತಾಪಮಾನ. ಶಕ್ತಿ ಮೂರಿದ್ರೆ ತಾಪಮಾನ ಎರಡು ಅಂತ ಬರೀಬೇಕು. ನಾವು ಮೂರನ್ನ ಮೂರು ಅಂತಲೇ ಬರೆದ್ವಿ.”

“ಯಾಕೆ ಬರೆದೆ?”

“ನಾನು ಬರೀಲಿಲ್ಲ. ಸರ್ ಮಾಡಿದ ಪ್ರೋಗ್ರಾಂ ಹಾಗೆ ಬರೆಯುತ್ತೆ. ಅವರು ವಿದ್ಯಾರ್ಥಿಯಾಗಿದ್ದಾಗ ಮಾಡಿದ್ದು. ನಮ್ಮ ಲ್ಯಾಬಲ್ಲಿ ಅದನ್ನ ಯಾರೂ ಮುಟ್ಟೋ ಹಾಗಿಲ್ಲ, ಬಂದವರೆಲ್ಲ ಅದನ್ನೇ ಓಡಿಸಬೇಕು. ಹೋದ ವರ್ಷವೇ ಹೇಳಿದೆ, ಇದು ತಪ್ಪು ಅಂತ. ‘ನಿನಗಿಂತ ಮುಂಚೆ ಬಂದವರೆಲ್ಲ ದಡ್ಡರೇನಮ್ಮ’ ಅಂದ್ರು.”

“ದೊಡ್ಡವರ ಲೆಕ್ಕ ತಪ್ಪು ಅಂತ ಅವರ ಮುಖಕ್ಕೇ ಹೇಳಿದ್ಯಾ?”

ಅವಳು ನನ್ನನ್ನು ನೋಡಿದ ರೀತಿ ಸರಿಯಿರಲಿಲ್ಲ. ಹೆತ್ತವಳನ್ನು ಹಾಗೆ ನೋಡಬಾರದು.

ಭಾನುವಾರ, 22 ಮೇ

ದೇವೇಂದ್ರಪ್ಪನವರು ಫೋನ್ ಮಾಡಿದರು. ಧಾರಿಣಿ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದಳು, ನಾನೇ ಎತ್ತಿದೆ. “ಶರಣು ಅಕ್ಕ, ಚೆನ್ನಾಗಿದೀರಾ” ಎಂದರು. ಅಷ್ಟು ದೊಡ್ಡವರು ನನ್ನನ್ನು ಅಕ್ಕ ಎನ್ನುತ್ತಾರೆ.

“ನಿಮ್ಮ ಮಗಳಿಗೆ ನೀವಾದರೂ ಹೇಳಿ. ಈ ತಪ್ಪು ನನ್ನೊಬ್ಬಳದೇ ಅಂತ ಒಂದು ಸಹಿ ಹಾಕಲಿ. ಮಿಕ್ಕಿದ್ದು ನಾನು ನೋಡಿಕೊಳ್ತೀನಿ. ಲೆಕ್ಕವನ್ನೆಲ್ಲ ಇನ್ನೊಂದು ಸಲ ಮಾಡಲಿ, ಒಂದು ವರ್ಷ ತಡವಾಗಬಹುದು. ಹಾಕಲ್ಲ ಅಂದ್ರೆ ಅವಳ ಪುಸ್ತಕಕ್ಕೆ ನಾನು ಹೇಗೆ ಸಹಿ ಹಾಕಲಿ, ನೀವೇ ಹೇಳಿ.”

ನ್ಯಾಯವಾದ ಮಾತು. ಧಾರಿಣಿಗೆ ಹೇಳಿದೆ.

“ಸಹಿ ಹಾಕಿದ್ರೆ ಎಲ್ಲಿ ಕೆಲಸ ಕೇಳಿದ್ರೂ ಆ ಕಾಗದ ನನಗಿಂತ ಮುಂಚೆ ಹೋಗಿ ಕೂತಿರುತ್ತಮ್ಮ. ಶಕ್ತಿಗೂ ತಾಪಕ್ಕೂ ವ್ಯತ್ಯಾಸ ಗೊತ್ತಿಲ್ಲದವಳು ಅಂತ. ನಮ್ಮಲ್ಲಿ ಅದು ಅ ಆ ಇ ಈ.”

“ತಗ್ಗಿದರೆ ತಲೆ ಹೋಗಲ್ಲ.”

“ನಿನ್ನ ತಲೆ ಅಲ್ಲವಲ್ಲ.”

ಸೋಮವಾರ, 30 ಮೇ

ಇವತ್ತು ಒಪ್ಪತ್ತಲ್ಲ, ನಿರ್ಜಲ. ಬೆಳಿಗ್ಗೆ ಪೂಜೆ ಮುಗಿಸಿ ದೇವರ ಮುಂದೆಯೇ ಹೇಳಿಬಿಟ್ಟೆ, ನೀನು ಸಹಿ ಹಾಕುವವರೆಗೆ ನನ್ನ ಗಂಟಲಿಗೆ ನೀರು ಇಳಿಯುವುದಿಲ್ಲ ಎಂದು. ಅವಳು ಸೋಲುತ್ತಾಳೆ ಎಂದು ಗೊತ್ತಿತ್ತು. ಚಿಕ್ಕಂದಿನಲ್ಲಿ ನಾನು ಊಟ ಬಿಟ್ಟರೆ ಅತ್ತು ಕಾಲು ಹಿಡಿಯುತ್ತಿದ್ದಳು.

ಕರೆಂಟು ಹೋಯಿತು. ಕೂಲರ್ ನಿಂತಿತು. ಅವಳು ಅಡುಗೆಮನೆಗೆ ಹೋಗಿ ತಾನೇ ಅನ್ನಕ್ಕಿಟ್ಟು, ತಟ್ಟೆ ತಂದು ನನ್ನೆದುರೇ ಕೂತು ಮೊಸರನ್ನ ಕಲಸಿದಳು. ನಿಧಾನವಾಗಿ ತಿಂದಳು. ಉಪ್ಪಿನಕಾಯಿ ಚೀಪಿದಳು.

“ಉಪವಾಸ ಕೂತ್ರೂ ಮನುಷ್ಯನ ಮೈ ನೂರು ವಾಟಿನ ಬಲ್ಬಿನಷ್ಟು ಶಾಖ ಬಿಡ್ತಾ ಇರುತ್ತಮ್ಮ. ಮೊದಲೇ ರೂಮು ಕಾದಿದೆ. ನಿನ್ನ ಬಲ್ಬ್ ತಗೊಂಡು ಹೋಗಿ ಮೆಟ್ಟಿಲ ಮೇಲೆ ಕೂರು.”

ಹೋಗಿ ಮೆಟ್ಟಿಲ ಮೇಲೆ ಕೂತೆ. ಎದುರು ಮನೆಯ ಸರಳಾ “ಕ್ಯಾ ಹುವಾ ಆಂಟೀಜಿ” ಎಂದಳು. ಇವತ್ತು ವ್ರತ ಎಂದೆ.

ಮಂಗಳವಾರ, 31 ಮೇ

ನಲ್ಲಿ ಹತ್ತಿರ ಬಿದ್ದೆನಂತೆ. ನೆನಪಿಲ್ಲ. ಎಚ್ಚರವಾದಾಗ ಅವಳು ನನ್ನ ದವಡೆ ಹಿಡಿದು ಉಪ್ಪು ಸಕ್ಕರೆ ನೀರು ಹೊಯ್ಯುತ್ತಿದ್ದಳು. ಉಗಿದೆ. ಇನ್ನೂ ಜೋರಾಗಿ ಹಿಡಿದು ಹೊಯ್ದಳು. ವ್ರತ ಕೆಟ್ಟಿತು. ಕೆಡಿಸಿದ ಪಾಪ ಅವಳಿಗೆ.

“ಸಹಿ ಹಾಕಲ್ಲ. ನೀನು ಸತ್ತರೂ ಹಾಕಲ್ಲ. ಗೊತ್ತಾಯ್ತಾ?” ಎಂದಳು. ಬಾಯಿ ಒರೆಸಿದಳು. ದವಡೆ ಇನ್ನೂ ನೋಯುತ್ತಿದೆ.

ಸೋಮವಾರ, 6 ಜೂನ್

ಸೋಮವಾರವೂ ಹೌದು, ಅಮಾವಾಸ್ಯೆಯೂ ಹೌದು. ಇಂಥ ದಿನ ಅಪರೂಪಕ್ಕೆ ಕೂಡಿ ಬರುತ್ತದೆ. ಒಪ್ಪತ್ತು ಹಿಡಿದೇ ಹೊರಟೆ.

ನಮ್ಮೂರಲ್ಲಿ ಮನೆಗೆ ಮೇಲಿಂದ ಮೇಲೆ ಕಷ್ಟ ಬಂದರೆ ದೇವರ ಮುಂದೆ ತಪ್ಪುಕಾಣಿಕೆ ಇಡುತ್ತೇವೆ. ಯಾವ ತಪ್ಪು ಎಂದು ನಾವು ಹುಡುಕುವುದಿಲ್ಲ, ದೇವರೂ ಕೇಳುವುದಿಲ್ಲ. ಕಾಯಿ ಹಣ್ಣು ಇಟ್ಟು, ತಪ್ಪಾಯಿತು, ಹೊಟ್ಟೆಗೆ ಹಾಕಿಕೋ ಎಂದರೆ ಆಯಿತು. ದೇವರೇ ಒಪ್ಪುವಾಗ ಗುರುಗಳು ಒಪ್ಪುವುದಿಲ್ಲವೇ?

ಧಾರಿಣಿ ಹೋದ ಮೇಲೆ ಸ್ಟೀಲಿನ ತಟ್ಟೆಯಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಎಲೆಅಡಿಕೆ ಇಟ್ಟು ಬಟ್ಟೆ ಮುಚ್ಚಿಕೊಂಡು ಒಬ್ಬಳೇ ಆಟೋ ಹತ್ತಿದೆ. ಈ ಊರಿಗೆ ಬಂದ ಮೇಲೆ ಒಬ್ಬಳೇ ಇಷ್ಟು ದೂರ ಹೋದದ್ದು ಇದೇ ಮೊದಲು. ವಿಳಾಸದ ಚೀಟಿ ತೋರಿಸಿದರೆ ಆಟೋ ಭಯ್ಯಾ ದಾರಿಯುದ್ದಕ್ಕೂ ಏನೇನೋ ಮಾತಾಡಿದ. ಹಾಂ ಹಾಂ ಎಂದುಕೊಂಡು ಹೋದೆ.

ದೇವೇಂದ್ರಪ್ಪನವರ ಮನೆ ಅವರ ಸಂಸ್ಥೆಯ ಒಳಗೇ ಇದೆ. ಅವರ ಹೆಂಡತಿ ಚಂದ್ರಪ್ರಭಾ ಬಾಗಿಲು ತೆಗೆದರು. ಹಜಾರದಲ್ಲಿ ಇನ್ನಿಬ್ಬರು ಪ್ರೊಫೆಸರುಗಳು ಚಹಾ ಕುಡಿಯುತ್ತಿದ್ದರು. ಹಿಂದಿಯವರು. ನಾನು ಹಿಂಜರಿದೆ. ದೇವೇಂದ್ರಪ್ಪನವರೇ ಎದ್ದು ಬಂದು “ಬನ್ನಿ ಅಕ್ಕ, ಇವರೆಲ್ಲ ನಮ್ಮವರೇ. ಏನು ಹೇಳಬೇಕೋ ಇವರ ಮುಂದೆಯೇ ಹೇಳಿ” ಎಂದರು.

ತಟ್ಟೆ ಅವರ ಮುಂದಿಟ್ಟೆ. “ನನ್ನ ಮಗಳದು ತಪ್ಪಾಗಿದೆ. ತಿಳಿಯದ ಹುಡುಗಿ. ಹೊಟ್ಟೆಗೆ ಹಾಕ್ಕೊಳ್ಳಿ ಸ್ವಾಮಿ” ಎಂದು ಕೈ ಮುಗಿದೆ.

ಅವರು ಆ ಇಬ್ಬರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು. ನಾನು ಹೇಳಿದ್ದು ಎರಡು ಮಾತು. ಅವರು ಹೇಳಿದ್ದು ಬಹಳ ಉದ್ದವಿತ್ತು. ಒಳ್ಳೆಯ ಮಾತೇ ಸೇರಿಸಿರಬೇಕು, ಆ ಇಬ್ಬರೂ ನನ್ನ ಹಣೆಯ ವಿಭೂತಿ ನೋಡಿ ಗೌರವದಿಂದ ತಲೆಯಾಡಿಸಿದರು. ಒಬ್ಬರು ಎದ್ದು ನಿಂತು ಕೈ ಮುಗಿದರು.

ಚಂದ್ರಪ್ರಭಾ ಮಾತ್ರ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ತಲೆನೋವಿರಬಹುದು.

ಮನಸ್ಸು ಹಗುರವಾಗಿದೆ. ಧಾರಿಣಿಗೆ ಈಗಲೇ ಹೇಳುವುದಿಲ್ಲ. ಎಲ್ಲ ಸರಿಹೋದ ಮೇಲೆ ಅವಳೇ ತಿಳಿಯಲಿ.

ಶುಕ್ರವಾರ, 10 ಜೂನ್

ಲೇಖನದ ತಪ್ಪು ವಿಚಾರಿಸಲು ಕಮಿಟಿ ಕೂತಿತ್ತಂತೆ. ಅದರಲ್ಲಿ ಆವತ್ತು ಚಹಾ ಕುಡಿಯುತ್ತಿದ್ದ ಆ ಇಬ್ಬರೂ ಇದ್ದರಂತೆ.

ಧಾರಿಣಿ ಬಂದು ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತು ಕೇಳಿದಳು.

“ಸರ್ ಮನೆಗೆ ಹೋಗಿದ್ಯಾ?”

“ಹೋಗಿದ್ದೆ. ನಿನ್ನ ಒಳ್ಳೇದಕ್ಕೆ.”

“ಏನು ಹೇಳಿದೆ?”

ಹೇಳಿದ್ದನ್ನೇ ಹೇಳಿದೆ.

“ಅವರು ಇಂಗ್ಲಿಷಲ್ಲಿ ಏನು ಹೇಳಿದ್ರು ಗೊತ್ತಾ? ನಾನು ನಿನ್ನ ಹತ್ತಿರ ಅತ್ತುಕೊಂಡು ಒಪ್ಪಿಕೊಂಡೆನಂತೆ. ತಪ್ಪು ಅಂತ ಮೊದಲೇ ಗೊತ್ತಿತ್ತಂತೆ, ಗೊತ್ತಿದ್ದೂ ಅಂಕಿ ದೊಡ್ಡದು ಕಾಣಲಿ ಅಂತ ಸರ್‌ಗೆ ಹೇಳದೆ ಮುಚ್ಚಿಟ್ಟೆನಂತೆ. ನನ್ನಮ್ಮನೇ ಬಂದು ಹೇಳಿದ್ರು, ಧರ್ಮಭೀರು ಹೆಂಗಸು, ಸುಳ್ಳು ಯಾಕೆ ಹೇಳ್ತಾರೆ ಅಂತ.”

“ನಾನು ಹಾಗೆ ಹೇಳಲಿಲ್ಲ.”

“ತಪ್ಪು ಅಂದ್ಯಾ ಇಲ್ವಾ?”

“ಅಂದೆ.”

“ಯಾವ ತಪ್ಪು ಅಂತ ಗೊತ್ತಿತ್ತಾ?”

ನಾನು ಬ್ಯಾಗು ಇಳಿಸಿಕೊಳ್ಳಲು ಕೈ ಚಾಚಿದೆ.

“ಪಿಎಚ್‌ಡಿಯಿಂದ ತೆಗೆದು ಹಾಕಿದಾರೆ. ತಪ್ಪು ಲೆಕ್ಕಕ್ಕಲ್ಲ, ಕಳ್ಳತನಕ್ಕೆ. ಒಂದು ಲಕ್ಷ ಡಿಗ್ರಿ ತಂದು ಸುರಿದಿದ್ರೂ ನಾನು ತಡ್ಕೋತಿದ್ದೆ ಕಣಮ್ಮ. ನೀನು ಬಾಳೆಹಣ್ಣು ತಗೊಂಡು ಹೋದ್ಯಲ್ಲ.”

ಅವಳು ಅಳಲಿಲ್ಲ. ಅತ್ತಿದ್ದರೆ ತಲೆ ಸವರುತ್ತಿದ್ದೆ.

ಶನಿವಾರ, 11 ಜೂನ್

ಧಾರಿಣಿ ದೆಹಲಿಯ ಮುನಿರ್ಕಾದಲ್ಲಿರುವ ಹಂಸಿನಿ ರೂಮಿಗೆ ಹೋದಳು. ಬಟ್ಟೆ, ಪುಸ್ತಕ ಒಯ್ದಳು. ಸಾರು ಮಾಡಿಟ್ಟಿದ್ದೆ. ಮುಟ್ಟಲಿಲ್ಲ.

ಎಷ್ಟು ಹಟ ಈ ಹುಡುಗಿಗೆ. ಇವಳಿಗೆ ದೊಡ್ಡವರು ಚಿಕ್ಕವರು ಇಲ್ಲ.

ಬುಧವಾರ, 15 ಜೂನ್

ನೀರು ಬಂತು. ತುಂಬಿಸಿದೆ. ಒಬ್ಬಳಿಗೆ ಇಷ್ಟು ನೀರು ಯಾಕೆ?

ಫೋನ್ ಮಾಡಿದೆ. ಎತ್ತಲಿಲ್ಲ.

ಸೋಮವಾರ, 20 ಜೂನ್

ಮಧ್ಯಾಹ್ನ ಹಂಸಿನಿ ಬಂದಳು. ಬಿಸಿಲಲ್ಲಿ ಮುಖ ಕೆಂಪಾಗಿತ್ತು. ಒಳಗೆ ಕರೆದು ಕೂಲರ್ ಮುಂದೆ ಕೂರಿಸಿ ನೀರು ಕೊಟ್ಟೆ. ಧಾರವಾಡದಿಂದ ಅವರಮ್ಮ ಕಳಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. “ಧಾರಿಣಿ ಕಳಿಸಲಿಲ್ಲ ಆಂಟಿ, ನಾನೇ ತಂದೆ” ಎಂದಳು. ಸುಳ್ಳು ಹೇಳಲು ಬಾರದ ಹುಡುಗಿ. ಬದನೆಕಾಯಿ ಪಲ್ಯ ಮಾಡಿದೆ. ಇಬ್ಬರೂ ತಿಂದೆವು. ನಾನು ಎರಡು ರೊಟ್ಟಿ ತಿಂದೆ, ಹಸಿವಾಗಿತ್ತು.

ಧಾರಿಣಿ ಹೇಗಿದ್ದಾಳೆ ಎಂದು ಕೇಳಿದೆ.

“ಮಾತಾಡಲ್ಲ. ಯಾರದೋ ಮನೇಲಿ ಒಂಬತ್ತನೇ ಕ್ಲಾಸಿನವರಿಗೆ ಡಿಗ್ರಿ ಸೆಲ್ಸಿಯಸ್‌ನ ಫ್ಯಾರನ್‌ಹೀಟ್ ಮಾಡೋದು ಹೇಳಿಕೊಡ್ತಾಳೆ. ಬಂದು ಗೋಡೆ ಕಡೆ ತಿರುಗಿ ಮಲಗ್ತಾಳೆ.”

ಆಮೇಲೆ ಬಂದ ವಿಷಯ ಹೇಳಿದಳು. ಡೀನ್ ಮುಂದೆ ಇನ್ನೊಂದು ವಿಚಾರಣೆ ಇದೆ, ಇದೇ ಕೊನೆಯದು. ಕಮಿಟಿಯವರು ನಂಬಿದ್ದು ನನ್ನ ಮಾತನ್ನು. ನಾನೇ ಹೋಗಿ ಆವತ್ತು ಏನು ಹೇಳಿದೆ, ಏನು ಹೇಳಲಿಲ್ಲ ಎಂದು ಹೇಳಿದರೆ ತೀರ್ಪು ತಿರುಗಬಹುದು. ಕನ್ನಡ ಬಲ್ಲ ಬೇರೆ ವಿಭಾಗದವರೊಬ್ಬರು ಇರುತ್ತಾರೆ. ಆದರೆ ಸಾಕ್ಷಿಯಾಗಿ ನನ್ನ ಹೆಸರನ್ನು ಧಾರಿಣಿಯೇ ಕೊಡಬೇಕು.

“ಕೊಡ್ತಾಳಾ?”

“ಕೇಳ್ತೀನಿ ಆಂಟಿ.”

ತಟ್ಟೆ ಲೋಟ ಎಲ್ಲ ಒಟ್ಟಿಗೆ ತೊಳೆದಿಟ್ಟೆ. ಹೋಗುವಾಗ ಆ ಲೆಕ್ಕವನ್ನು ಇನ್ನೊಂದು ಸಲ ಹೇಳಿಸಿಕೊಂಡೆ. ಶಕ್ತಿ ಮೂರಿದ್ದರೆ ತಾಪ ಎರಡು. ಎರಡು ವೋಲ್ಟಿಗೆ ಇಪ್ಪತ್ಮೂರು ಸಾವಿರದ ಇನ್ನೂರು ಡಿಗ್ರಿ. ಇವರು ಬರೆದದ್ದು ಮೂವತ್ತೈದು ಸಾವಿರದ ಹತ್ತಿರ. ಇಷ್ಟೇ.

ಗುರುವಾರ, 23 ಜೂನ್

ಅವರ ಮನೆಗೆ ಮತ್ತೆ ಹೋದೆ. ಕೈಯಲ್ಲಿ ಏನೂ ಒಯ್ಯಲಿಲ್ಲ.

“ನಾನು ಹೇಳದ ಮಾತನ್ನ ಹೇಳಿದೆ ಅಂತ ಯಾಕಂದ್ರಿ?” ಎಂದು ಕೇಳಿದೆ.

ದೇವೇಂದ್ರಪ್ಪ ನಕ್ಕರು. “ಅಕ್ಕ, ತಪ್ಪು ಅಂದಿರೋ ಇಲ್ವೋ? ತಪ್ಪು ಅಂದ ಮೇಲೆ ಅದು ಏನು ತಪ್ಪು ಅಂತ ಬಿಡಿಸಿ ಹೇಳಬೇಕಲ್ಲ. ನಿಮಗೆ ಬರಲ್ಲ, ನಾನು ಹೇಳಿದೆ.”

“ಮೂರಿದ್ದದ್ದು ಎರಡಾಗಬೇಕಿತ್ತಂತೆ. ಅದು ನಿಮ್ಮ ಪ್ರೋಗ್ರಾಮಿನ ತಪ್ಪಂತೆ.”

ಈ ಸಲ ಇನ್ನೂ ಜೋರಾಗಿ ನಕ್ಕರು. ಒಳಕ್ಕೆ ತಿರುಗಿ, “ಚಂದ್ರಾ, ಇಲ್ಲಿ ಬಾ, ಅಕ್ಕ ನನಗೆ ಫಿಸಿಕ್ಸ್ ಹೇಳಿಕೊಡ್ತಿದಾರೆ” ಎಂದು ಕೂಗಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ಡೀನ್ ಹತ್ತಿರ ಬರೋ ಯೋಚನೆ ಇದ್ರೆ ಬಿಡಿ. ವಿಭೂತಿ ಹಚ್ಚಿಕೊಂಡು ಬಂದು ನನ್ನ ಮುಂದೆ ಹೇಳಿದ ಮಾತು. ಆವತ್ತು ಸುಳ್ಳಾ, ಇವತ್ತು ಸುಳ್ಳಾ ಅಂತ ಕೇಳ್ತಾರೆ. ಎರಡರಲ್ಲಿ ಒಂದು ಆಗಲೇಬೇಕಲ್ಲ. ಮಗಳು ಕಳ್ಳಿ, ತಾಯಿ ಸುಳ್ಳಿ. ನಮ್ಮ ಜಿಲ್ಲೆಗೇ ಒಳ್ಳೆ ಹೆಸರು ಬರುತ್ತೆ.”

ಚಂದ್ರಪ್ರಭಾ ಗೇಟಿನವರೆಗೆ ಬಂದರು. ನನ್ನ ಸ್ಟೀಲಿನ ತಟ್ಟೆ ತೊಳೆದು ತಂದಿದ್ದರು.

“ನಮ್ಮ ಯಜಮಾನರ ಹತ್ತಿರ ಓದಿದ ಬೇರೆ ಮಕ್ಕಳೂ ಹೀಗೆ ಬಿಟ್ಟು ಹೋಗಿದಾರೆ. ಅವರ ತಾಯಂದಿರು ಯಾರೂ ಬಂದಿರಲಿಲ್ಲ. ನೀವೊಬ್ಬರು ಬಂದ್ರಿ” ಎಂದರು.

“ನೀವು ಬಂದು ಡೀನ್ ಹತ್ತಿರ ಹೇಳ್ತೀರಾ? ಆವತ್ತು ಒಳಗಿಂದ ನೀವೂ ಕೇಳಿಸಿಕೊಂಡಿರಬೇಕು.”

“ನಾನು ಈ ಮನೇಲಿರಬೇಕಲ್ಲಮ್ಮ” ಎಂದು ಗೇಟು ಹಾಕಿಕೊಂಡರು.

ಆಟೋದಲ್ಲಿ ಕೂತು ಆ ಮನುಷ್ಯ ಕೇಳಿದ್ದನ್ನೇ ಯೋಚಿಸಿದೆ. ಯಾವುದು ಸುಳ್ಳು? ಆವತ್ತಿನದು ಸುಳ್ಳು. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ಹೇಳಿದ್ದು ಸುಳ್ಳೇ. ಇದನ್ನು ಹೇಳಲು ಎಷ್ಟು ಹೊತ್ತು ಬೇಕು.

ಶನಿವಾರ, 25 ಜೂನ್

ಹಂಸಿನಿ ಫೋನಿನಲ್ಲಿ ಹೇಳಿದಳು. ಧಾರಿಣಿ ಬೇಡ ಎಂದಳಂತೆ.

“ಏನಂದಳು ಅಂತ ಹಾಗೇ ಹೇಳು.”

ಬಿಡಿ ಆಂಟಿ ಎಂದಳು, ನಾನು ಬಿಡಲಿಲ್ಲ. ಕೊನೆಗೆ ಹೇಳಿದಳು. “‘ಅವಳ ದಯೆಯಿಂದ ಒಂದು ಸಲ ಸತ್ತಿದ್ದು ಸಾಕು. ಅಲ್ಲಿಗೂ ಕಾಯಿ ಒಡೆಸಿಕೊಂಡು ಬರ್ತಾಳೆ’ ಅಂದಳು ಆಂಟಿ.”

ಊಟ ಮಾಡಿದೆ. ಪಾತ್ರೆ ತೊಳೆದೆ. ಮಲಗಿದೆ.

ಮಂಗಳವಾರ, 28 ಜೂನ್

ಹೆಸರು ಕೊಡಲು ನಾಳೆ ಕೊನೆಯ ದಿನ. ಹಂಸಿನಿಯನ್ನು ನಾನೇ ಬರಹೇಳಿದೆ. ಬೆಳಿಗ್ಗೆಯೇ ಬಂದಳು. ಪೂಜೆಗೆ ಇನ್ನೂ ಕೂತಿರಲಿಲ್ಲ. ಅವಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಬರೆದುಕೊಡಿ ಎಂದಳು. ಬೇಡ, ಬಾಯಲ್ಲಿ ಹೇಳು ಎಂದೆ.

“ದಯೆ ಕೇಳಲ್ಲ ಅಂತ ಹೇಳು. ಕೈ ಮುಗಿಯಲ್ಲ. ನನ್ನ ಮಗಳು ನನ್ನ ಹತ್ತಿರ ಏನೂ ಒಪ್ಪಿಕೊಂಡಿಲ್ಲ, ಆ ಮನುಷ್ಯ ಇಂಗ್ಲಿಷಲ್ಲಿ ಹೇಳಿದ್ದರಲ್ಲಿ ನನ್ನದು ಎರಡು ಮಾತು ಅಷ್ಟೆ, ಆ ಎರಡೂ ಸುಳ್ಳು, ನಾನೇ ಹೇಳಿದ ಸುಳ್ಳು, ಅಂತ ಡೀನ್ ಮುಂದೆ ಹೇಳ್ತೀನಿ. ಸುಳ್ಳಿ ಅಂದ್ರೆ ಅನ್ನಲಿ. ಮುಗಿಸಿ ಸೀದಾ ಸ್ಟೇಷನ್ನಿಗೆ ಹೋಗ್ತೀನಿ. ಅವಳು ನನ್ನ ಜೊತೆ ಮಾತಾಡಬೇಕಿಲ್ಲ, ನೋಡಬೇಕೂ ಇಲ್ಲ. ಹೆಸರು ಮಾತ್ರ ಕೊಡಲಿ.”

“ಊರಿಗಾ? ಅಲ್ಲಿ ಯಾರಿದಾರೆ ಆಂಟಿ?”

“ಅದನ್ನ ಅವಳಿಗೆ ಹೇಳಬೇಡ.”

ಹಂಸಿನಿ ಕಣ್ಣು ಒರೆಸಿಕೊಂಡಳು. ಇವಳು ಯಾಕೆ ಅಳಬೇಕು? ನನಗೇ ಅಳು ಬರುತ್ತಿಲ್ಲ.

“ಮತ್ತೆ ಬೇಡ ಅಂದ್ರೆ ಏನು ಹೇಳಲಿ ನಿಮಗೆ?”

“ಬೇಡ ಅಂದ್ರೆ ಬೇಡ ಅಂತಲೇ ಹೇಳು. ಬೈದ್ರೆ ಬೈಗುಳ ಹೇಳು. ನೀನು ಒಳ್ಳೆ ಹುಡುಗಿ, ದಾರೀಲಿ ಅದಕ್ಕೆ ಬೆಲ್ಲ ಹಾಕಿಬಿಡ್ತೀಯ. ಹಾಕಬೇಡ. ಒಂದು ಮಾತು ಕೂಡಿಸಬೇಡ, ಒಂದು ಮಾತು ಬಿಡಬೇಡ. ಹೋಗಮ್ಮ, ಬಿಸಿಲೇರೋದರೊಳಗೆ ಹೋಗಿ ಅವಳ ಉತ್ತರ ತಗೊಂಡು ಬಾ.”